ಮೂಗಿನ ನೇರಕ್ಕೆ

ಬೋಡೋ ಬಂದರು, ಫೆಬ್ರವರಿ, ಬೆಳಗಿನ ಆರು.
ಬೆಳಗೆಂಬುದು ಗಡಿಯಾರದ ಮಾತು, ಆಕಾಶದ್ದಲ್ಲ.
ದ್ವೀಪಗಳಿಗೆ ಹೋಗುವ ದೋಣಿ ಕೆಮ್ಮುತ್ತ ನಿಂತಿದೆ.
ಟೋರ್ಲೀಫ್ ಮುದುಕ, ಎರಡೂ ಕೈಗೆ ಉಣ್ಣೆಯ ಗವಸು,
ಒಂದರಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಫೋನು,
ಟಿಕೆಟ್ಟಿನ ಗುಂಡಿಯನ್ನು ಮೂಗಿನಿಂದ ಒತ್ತುತ್ತಾನೆ.

ಒತ್ತುತ್ತಾನೆ, ತಪ್ಪು ದ್ವೀಪ.
ಮತ್ತೆ ಒತ್ತುತ್ತಾನೆ. ಗಾಜಿನ ಮೇಲೆ ಉಸಿರಿನ ಮಂಜು.
ಒರೆಸುವುದಕ್ಕೆ ಗಡ್ಡ.

ಆ ಗುಂಡಿ ಬಿಡಿಸಿದವಳು ನಾನು.
ಹನ್ನೊಂದು ವರ್ಷದಿಂದ ಇದೇ ನನ್ನ ಕಸುಬು:
ಯಾರು ಎಲ್ಲಿ ಎಡವುತ್ತಾರೆಂದು ನೋಡುವುದು,
ಅಲ್ಲಿಯ ಕಲ್ಲು ಎತ್ತಿಡುವುದು.
ಮಂದಿಯ ಕೆಲಸದಲ್ಲಿ ಮೂಗು ತೂರಿಸುವುದಕ್ಕೆ
ಸಂಬಳ ಕೊಡುವವರೂ ಇದ್ದರು ಒಂದು ಕಾಲಕ್ಕೆ.

ಈಗ ಕಚೇರಿಯಲ್ಲಿ ಕಾಫಿ ಇಳಿಯುವಷ್ಟರಲ್ಲಿ
ನಲವತ್ತು ಪರದೆ ಬಿಡಿಸಿ ಕೊಡುತ್ತದೆ ಅದು.
ನಲವತ್ತೂ ಚೆಂದ. ಅದೇ ಬೇಜಾರು,
ಹಾಳಾಗಿದ್ದರೆ ಬೈಯಬಹುದಿತ್ತು.
ಬಣ್ಣ ಗುರುತಿಸಲಾಗದವರಿಗೆ ನನ್ನ ಹಸಿರು ಕಾಣದೆಂದು
ಆರು ವರ್ಷದ ತಪ್ಪನ್ನು ಆರು ಕ್ಷಣದಲ್ಲಿ ಹೇಳಿತು,
ಅದೂ ಎಷ್ಟು ವಿನಯದಿಂದ ಎಂದರೆ
ಥ್ಯಾಂಕ್ಸ್ ಎಂದು ಟೈಪಿಸಿ
ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡೆ.

ಎದುರಿನ ಕುರ್ಚಿ ಸಿಂದ್ರೆಯದು. ಐಕಾನು ಕೊರೆಯುತ್ತಿದ್ದ,
ಅಕ್ಕಸಾಲಿಗನ ಹಾಗೆ, ಒಂದು ಕಣ್ಣು ಮುಚ್ಚಿ.
ಈಗ ಸಾಲ್ಮನ್ ಸಾಕಣೆಯಲ್ಲಿ ಬಲೆ ಎಣಿಸುತ್ತಾನಂತೆ.
ಅವನ ಲೋಟ ಇನ್ನೂ ಸಿಂಕಿನಲ್ಲಿದೆ,
ಯಾರೂ ತೊಳೆಯುವುದಿಲ್ಲ, ನಾನೂ.

"ಬಳಕೆದಾರರನ್ನು ಕಾಣಲು ದೋಣಿ ಯಾಕೆ ಹತ್ತಬೇಕು?"
ಗುನ್ವೋರ್ ಕೇಳಿದಳು. ಕೆಟ್ಟವಳಲ್ಲ, ಬಜೆಟ್ಟಿನವಳು.
ಅದರೊಳಗೇ ಇನ್ನೂರು ಮಂದಿ ಸಿದ್ಧರಿದ್ದಾರೆ:
ಎಪ್ಪತ್ತೆರಡರ ವಿಧವೆ, ದೃಷ್ಟಿ ಮಂದ; ಅವಸರದ ನರ್ಸು;
ಓದಲು ಬಾರದ ಹಡಗುಕೂಲಿ.
ಕೇಳಿದ್ದಕ್ಕೆಲ್ಲ ಪೂರ್ಣ ವಾಕ್ಯದಲ್ಲಿ ಉತ್ತರ.
ಒಬ್ಬರೂ ಸೀನಲಿಲ್ಲ. ಒಬ್ಬರೂ ನಡುವೆ ಎದ್ದು
ನಾಯಿಗೆ ಊಟ ಹಾಕಲು ಹೋಗಲಿಲ್ಲ.
ಎಲ್ಲರ ಮೂಗಿನ ನೇರಕ್ಕೂ ಮಾತಾಡುತ್ತಾರೆ,
ಮೂಗೇ ಇಲ್ಲದವರು.

ಅಂದು ಮೂರೂವರೆಯ ಕತ್ತಲಲ್ಲಿ ಕೂತು
ಅದಕ್ಕೆ ಬರೆದೆ: ಒಬ್ಬ ಮುದುಕ, ಗವಸು, ಬಕೆಟ್ಟು, ಮೂಗು.
ನಗುತ್ತದೇನೋ ಅಂದುಕೊಂಡೆ.
"ಬಹಳ ಒಳ್ಳೆಯ ಗಮನಿಕೆ" ಎಂದಿತು.
ಮೂರೇ ಕ್ಷಣ. ಗುಂಡಿ ದೊಡ್ಡದಾಯಿತು,
ದ್ವೀಪ ದ್ವೀಪದ ನಡುವೆ ಕಡಲಿನಷ್ಟು ಜಾಗ.
ಸರಿಯಾಗಿತ್ತು. ನಾನಾದರೂ ಹಾಗೇ ಮಾಡುತ್ತಿದ್ದೆ,
ಎರಡು ವಾರ ತೆಗೆದುಕೊಂಡು, ಮೂರು ಸಲ ಜಗಳವಾಡಿ.

ಆ ಎರಡು ವಾರ ಎಲ್ಲಿಗೆ ಹೋಯಿತು?
ಹುಡುಕುತ್ತಿದ್ದೇನೆ. ಗಂಟೆಯ ಲೆಕ್ಕದ ಹಾಳೆಯಲ್ಲಿ
'ನೋಡಿದ್ದು' ಎಂಬುದಕ್ಕೆ ಅಂಕಣವಿಲ್ಲ,
'ಇತರೆ' ಎಂದು ತುಂಬುತ್ತೇನೆ.
ಒಪ್ಪಂದ ಮೇ ತಿಂಗಳವರೆಗೆ. ಆಮೇಲೆ ನೋಡೋಣ
ಅಂದಿದ್ದಾಳೆ ಗುನ್ವೋರ್, ಮೂಗಿಗೆ ತುಪ್ಪ ಸವರಿ.

ಇವತ್ತು ಮತ್ತೆ ಆರರ ದೋಣಿ, ನನ್ನದೇ ದುಡ್ಡಿನ ಟಿಕೆಟ್ಟು.
ಬರೆದುಕೊಳ್ಳಲೆಂದು ಗವಸು ತೆಗೆದಿದ್ದೆ.
ಟೋರ್ಲೀಫ್ ಬಂದ, ಅದೇ ಬಕೆಟ್ಟು.
ಹೊಸ ಗುಂಡಿ. ಬಾಗಿದ.
ಒಂದೇ ಒತ್ತಿಗೆ ಸರಿಯಾದ ದ್ವೀಪ.
ಯಾರು ಗೆದ್ದದ್ದು ಎಂದು ಲೆಕ್ಕ ಹಾಕುವಷ್ಟರಲ್ಲಿ
ಫೋನು ಉಣ್ಣೆಯಿಂದ ಜಾರಿ
ಬಕೆಟ್ಟಿಗೆ ಬಿತ್ತು.

ಇಬ್ಬರೂ ಬಗ್ಗಿ ನೋಡಿದೆವು.
ಗಾಳಕ್ಕೆಂದು ತಂದ ಹೆರಿಂಗ್ ಮೀನುಗಳ ನಡುವೆ
ಹೊಳೆಯುತ್ತಿತ್ತು ನನ್ನ ಹಸಿರು,
ಅಲ್ಲ, ಈಗ ಅದು ನೀಲಿ.
"ಏನು ನೋಡ್ತಾ ನಿಂತೆ?" ಎಂದ.
"ಕೈ ಹಾಕು, ನಿನಗೆ ಗವಸಿಲ್ಲವಲ್ಲ."

ಹಾಕಿದೆ.